ಮೂರು ನಿಮಿಷ ಕೂತ್ಕೋ

ಅವನು ಜಿಮ್ಮಿನ ಬೆಂಚಿನ ಮೇಲೆ ಕಣ್ಣು ಮುಚ್ಚಿ ಕುಳಿತಿದ್ದ. ಎದೆ ಏಳುತ್ತಿದೆಯೇ ಎಂದು ನೋಡಿದೆ. ಅಂಗಿ ಸಡಿಲವಾಗಿತ್ತು, ಗೊತ್ತಾಗಲಿಲ್ಲ. ಹೋಗಿ ಭುಜ ಹಿಡಿದು ಅಲುಗಿಸಿದೆ.

"ರೀ! ಏಳಿ!"

ಬೆಚ್ಚಿ ಕಣ್ಣು ಬಿಟ್ಟ. "ಏನಾಯ್ತು ಮೇಡಂ? ಬೆಂಕಿ ಬಿತ್ತಾ?"

"ಇಲ್ಲ... ನಿಮ್ಮ ಸರದಿ."

ಗೋಡೆಯ ಟೈಮರ್ ನೋಡಿದ. "ಇನ್ನೂ ಒಂದೂವರೆ ನಿಮಿಷ ಇದೆಯಲ್ರೀ!" ಎಂದು ನಕ್ಕ. ನಾನು ನಗಲಿಲ್ಲ. ಟವೆಲ್ಲಿನಿಂದ ಮುಖ ಒರೆಸಿಕೊಂಡೆ.

ನಮ್ಮ ಪರಿಚಯ ಶುರುವಾದದ್ದು ಹೀಗೆ.

ನನ್ನನ್ನು ಆ ಜಿಮ್ಮಿಗೆ ತಳ್ಳಿದವರು ಅತ್ತೆ. "ಎರಡು ವರ್ಷದಿಂದ ಲೈಬ್ರರಿ, ಮನೆ, ಲೈಬ್ರರಿ. ಹೀಗೇ ಇದ್ರೆ ಆ ಪುಸ್ತಕಗಳ ಜೊತೆ ನಿನಗೂ ಗೆದ್ದಲು ಹಿಡಿಯುತ್ತೆ ಕಣೇ" ಎಂದು ತಾವೇ ಹೋಗಿ ಹೆಸರು ಬರೆಸಿ ಬಂದಿದ್ದರು. ಮಗ ಹೋದ ಮೇಲೂ ಅವರು ನನ್ನನ್ನು ಬಯ್ಯುವುದು ನಿಲ್ಲಿಸಿರಲಿಲ್ಲ. ನನಗೆ ಆಸರೆ ಅದೊಂದೇ.

ಭಾರ ಎತ್ತುವುದು ಕಷ್ಟವಾಗಲಿಲ್ಲ. ಎತ್ತಿದ ಮೇಲೆ ಸುಮ್ಮನೆ ಕೂರುವುದು ಕಷ್ಟ. ಅರ್ಧ ನಿಮಿಷಕ್ಕೇ ಎದ್ದುಬಿಡುತ್ತಿದ್ದೆ. ಮೂರನೇ ಸೆಟ್ಟಿಗೆ ಕಾಲು ಕೈಕೊಡುತ್ತಿತ್ತು.

"ಏನಮ್ಮಾ, ಬಸ್ ತಪ್ಪಿಹೋಗುತ್ತಾ?" ಎಂದು ಕೋಚ್ ಗದರಿದ್ದರು. ಎಲ್ಲರೂ ಅವರನ್ನು ಅಕ್ಕ ಅನ್ನುತ್ತಿದ್ದರು. "ಇಷ್ಟು ಭಾರಕ್ಕೆ ಮೂರು ನಿಮಿಷ ಬೇಕೇ ಬೇಕು. ಖಾಲಿಯಾದ ಶಕ್ತಿ ವಾಪಸ್ ಬರಬೇಡ್ವಾ? ಇವತ್ತಿಂದ ಈ ಬಸ್ ಡ್ರೈವರೂ ನೀನೂ ಭಾರ ಎತ್ತೋಕೆ ಒಂದೇ ಬಾರ್. ಅವನು ಎತ್ತುವಾಗ ನೀನು ಕೂತ್ಕೋ, ನೀನು ಎತ್ತುವಾಗ ಅವನು."

"ಬಸ್ ನಂದೇ ಅಕ್ಕಾ" ಎಂದಿದ್ದ ಪಕ್ಕದಲ್ಲೇ ನಿಂತಿದ್ದ ಡ್ರೈವರ್. "ನಾನು ಹತ್ತದೆ ಅದು ಹೊರಡಲ್ಲ. ಮೇಡಂ ಆರಾಮಾಗಿ ಕೂರಲಿ."

ಕೂತೆ. ಆದರೆ ತನ್ನ ಸರದಿ ಮುಗಿಸಿ ಅವನೂ ಕೂತು ಕಣ್ಣು ಮುಚ್ಚಿಬಿಟ್ಟ. ನಾನು ಅಲುಗಿಸಿ ಎಬ್ಬಿಸಿದ್ದು ಆಗಲೇ.

"ಕಣ್ಣು ಮುಚ್ಚಬೇಡಿ" ಎಂದೆ ಮರುದಿನ.

"ಡ್ರೈವರ್ ಚಾಳಿ ಮೇಡಂ. ಎರಡು ಟ್ರಿಪ್ ಮಧ್ಯೆ ಸಿಕ್ಕಷ್ಟು ನಿದ್ದೆ."

"ಹಾಗಾದ್ರೆ ಬೆರಳಾದ್ರೂ ಆಡಿಸ್ತಾ ಇರಿ."

"ಯಾಕೆ?"

"ಆಡಿಸಿ ಅಂದ್ರೆ ಆಡಿಸಿ."

ಅವನು ಮತ್ತೆ ಕೇಳಲಿಲ್ಲ. ಕಣ್ಣು ಮುಚ್ಚಿ, ತೋರುಬೆರಳಿನಿಂದ ಮೊಣಕಾಲು ತಟ್ಟತೊಡಗಿದ. "ಇಂಡಿಕೇಟರ್ ಹಾಕಿದೀನಿ. ನೋಡ್ಕೊಳ್ಳಿ."

ಎರಡು ತಿಂಗಳು ಆ ಬೆರಳು ನೋಡುತ್ತ ಭಾರ ಎತ್ತಿದೆ. ಬೆರಳಿನಿಂದ ದೃಷ್ಟಿ ಮೇಲೆ ಹೋಗುತ್ತಿತ್ತು. ಬಸ್ಸಿನ ಕಿಟಕಿಯ ಬಿಸಿಲಿಗೆ ಬಲಗೈ ಎಡಗೈಗಿಂತ ಕಪ್ಪಾಗಿತ್ತು. ಗದ್ದದ ಕೆಳಗೆ ಶೇವಿಂಗಿನಲ್ಲಿ ತಪ್ಪಿಹೋದ ನಾಲ್ಕು ಕೂದಲು. ತುಟಿಯ ಕೊನೆಯಲ್ಲಿ ಒಮ್ಮೊಮ್ಮೆ ನಗು ಇಣುಕುತ್ತಿತ್ತು, ನಿದ್ದೆಯಲ್ಲಿರುವವನಿಗೆ ಬರಬಾರದ ನಗು. ಇದನ್ನೆಲ್ಲ ಗಮನಿಸುತ್ತಿದ್ದೇನೆಂದು ಗೊತ್ತಾದ ದಿನ ದೃಷ್ಟಿಯನ್ನು ಮತ್ತೆ ಬೆರಳಿಗೇ ಇಳಿಸಿದೆ. ಕಳೆದುಕೊಳ್ಳಲು ನನಗೆ ಮತ್ತೊಬ್ಬರು ಬೇಕಿರಲಿಲ್ಲ.

ಆ ಗುರುವಾರ ಬಾರ್ ನನ್ನ ಬೆನ್ನ ಮೇಲಿತ್ತು. ಬೆರಳು ತಟ್ಟುತ್ತಿತ್ತು. ನಾನು ಕುಕ್ಕರಗಾಲಿಗೆ ಇಳಿದು ಎದ್ದೆ.

ಬೆರಳು ನಿಂತಿತ್ತು.

ಬಾರ್ ಅನ್ನು ಸ್ಟ್ಯಾಂಡಿಗೆ ಹೇಗೆ ಎಸೆದೆನೋ ಗೊತ್ತಿಲ್ಲ. ಸದ್ದಿಗೆ ಎಲ್ಲರೂ ತಿರುಗಿದರು. ಅವನೊಬ್ಬ ತಿರುಗಲಿಲ್ಲ. ಎರಡೂ ಕೈಯಿಂದ ಅವನ ಎದೆಗೆ ಗುದ್ದಿದೆ. "ಏಳು! ಏಳೋ!"

ಕಣ್ಣು ಬಿಟ್ಟ. ಈ ಸಲ ತಮಾಷೆ ಮಾಡಲಿಲ್ಲ. ನನ್ನ ಮುಖ ನೋಡಿ, "ನಿದ್ದೆ ಬಂದುಬಿಡ್ತು. ಡಬಲ್ ಶಿಫ್ಟ್ ಆಗಿತ್ತು. ತಪ್ಪಾಯ್ತು" ಎಂದ.

ಅವನ ಪಕ್ಕದಲ್ಲೇ ಕೂತು, ಯಾರಿಗೂ ಹೇಳದ್ದನ್ನು ಹೇಳಿದೆ.

"ನಮ್ಮೆಜಮಾನ್ರು ಬೀರು ಸರಿಸಿ ಸುಸ್ತಾಗಿ ಸೋಫಾ ಮೇಲೆ ಕೂತ್ರು. ಎರಡು ನಿಮಿಷ ಅಂದ್ರು. ಕಣ್ಣು ಮುಚ್ಚಿದ್ರು. ಎಚ್ಚರ ಆಗದಿರಲಿ ಅಂತ ನಾನೇ ಟಿವಿ ಸದ್ದು ಕಡಿಮೆ ಮಾಡಿದೆ. ನಲವತ್ತು ನಿಮಿಷ ಎಬ್ಬಿಸಲಿಲ್ಲ."

ಅವನು ನನ್ನ ಟವೆಲ್ ಎತ್ತಿ ಕೈಗೆ ಕೊಟ್ಟ.

"ನಾನೂ ಒಂದು ಹೇಳ್ಲಾ? ಇಷ್ಟು ದಿನ ನಿದ್ದೆ ಅಂದಿದ್ದು ಸುಳ್ಳು. ಕಣ್ಣು ಬಿಟ್ಟಿದ್ರೆ ನಿಮ್ಮನ್ನೇ ನೋಡ್ತಾ ಕೂತಿರ್ತಿದ್ದೆ. ಅದಕ್ಕೇ ಮುಚ್ಕೋತಿದ್ದೆ. ಇವತ್ತೊಂದು ದಿನ ನಿಜವಾಗ್ಲೂ ನಿದ್ದೆ ಬಂತು."

ನಗು ಬಂತೋ ಅಳು ಬಂತೋ, ಕೇಳಿಯೇಬಿಟ್ಟೆ. "ನೀವೂ ನಿಂತುಹೋದ್ರೆ?"

"ನಿಲ್ಲಲ್ಲ ಅಂತ ಭಾಷೆ ಕೊಡೋಕಾಗಲ್ಲ." ಕಪ್ಪಾದ ಬಲಗೈ ಅಂಗೈ ಮೇಲಾಗಿ ಚಾಚಿದ. "ಇವತ್ತು ಓಡ್ತಾ ಇದೆ. ನೋಡ್ಕೊಳ್ಳಿ."

ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟೆ. ನಾಡಿ ಜೋರಾಗಿತ್ತು, ವಿಶ್ರಾಂತಿಯಲ್ಲಿರುವವನದಲ್ಲ. ನನ್ನ ಭಯ ಹೋಗಲಿಲ್ಲ. ಆದರೂ ಬೆರಳು ತೆಗೆಯಲಿಲ್ಲ. ಎರಡು ವರ್ಷದಲ್ಲಿ ಮೊದಲ ಬಾರಿ, ಒಬ್ಬರ ಪಕ್ಕದಲ್ಲಿ ಕೂತು ನಾನೂ ಕಣ್ಣು ಮುಚ್ಚಿದೆ.

ಟೈಮರ್ ಕೂಗಿತು.

"ಮೂರು ನಿಮಿಷ ಆಯ್ತು, ಏಳ್ರಪ್ಪಾ!" ಎಂದರು ಅಕ್ಕ.

"ಇನ್ನೊಂದು ಸ್ವಲ್ಪ ಕೂರ್ತೀವಿ ಅಕ್ಕಾ" ಎಂದೆ.