ಹಲಗೆಯ ಮೇಲಿನ ಕಂಬಳಿ ತುಂಡು

"ಗೂಟಕ್ಕಿದ್ದ ಗಂಟು ಯಾರು ಬಿಚ್ಚ್ಯಾರ?"

ಒಳಕೋಣೆಯಿಂದ ಆಯಿಯ ದನಿ ಬಂತು. ರೊಟ್ಟಿ ಮುರಿಯುತ್ತಿದ್ದ ಬೀರವ್ವನ ಕೈ ಅಲ್ಲೇ ನಿಂತಿತು.

"ಬೀರೀ, ನಿನಗ ಕೇಳಾಕತ್ತೀನಿ. ಇದರಾಗ ಒಂದು ಕಂಬಳಿ ತುಂಡು ಇತ್ತು. ಎಲ್ಲಿ ಹೋತು?"

"ನನಗೇನ್ ಗೊತ್ತು? ಇಲಿ ಒಯ್ದಿರಬೇಕು."

"ಇಲಿ ಗಂಟು ಬಿಚ್ಚಿ, ಮತ್ತ ಹೊಳ್ಳಿ ಕಟ್ಟಿ ಹೋಗ್ತದೇನು?"

ಬೀರವ್ವ ಪಾಟಿ ಎತ್ತಿಕೊಂಡು, ಅರ್ಧ ರೊಟ್ಟಿ ಬಾಯಲ್ಲಿ ಕಚ್ಚಿಕೊಂಡು ಶಾಲೆಗೆ ಓಡಿದಳು.

ಅವಳ ಅಪ್ಪ, ಅವ್ವ ಕುರಿ ಹೊಡೆದುಕೊಂಡು ಕೃಷ್ಣಾ ನದಿಯ ಕಡೆಗೆ ಹೋಗಿ ಎರಡು ತಿಂಗಳಾಗಿತ್ತು. ಉಟಗಿ ಊರಿನ ಮನೆಯಲ್ಲಿ ಆಯಿ ಹಣಮವ್ವ ಮತ್ತು ಬೀರವ್ವ ಇಬ್ಬರೇ. ಮೊಮ್ಮಗಳ ಶಾಲೆ ತಪ್ಪಬಾರದೆಂದು ಆಯಿಯೇ ಹಟ ಹಿಡಿದು ಅವಳನ್ನು ಉಳಿಸಿಕೊಂಡಿದ್ದಳು.

ಶಾಲೆಯಲ್ಲಿ ಅಣ್ಣಾರಾಯ ಮಾಸ್ತರರು ಮಗ್ಗಿ ಕೇಳುತ್ತಿದ್ದರು.

"ಬೀರವ್ವಾ, ಏಳೇಳ್ಲೆ?"

"ಕಂಬಳಿ," ಅಂದಳು ಬೀರವ್ವ.

ವರ್ಗವೆಲ್ಲ ಗೊಳ್ಳೆಂದು ನಕ್ಕಿತು. ಮಾಸ್ತರರೂ ನಕ್ಕರು. ಬೀರವ್ವನಿಗೆ ಮಾತ್ರ ಅಳು ಬರುವಂತಾಯಿತು.

ಆ ಕಂಬಳಿ ತುಂಡನ್ನು ಅವಳೇ ಒಯ್ದಿದ್ದಳು. ಒಯ್ದು ಸೋಮನಿಂಗ ಕಾಕಾನಿಗೆ ಕೊಟ್ಟಿದ್ದಳು.

ಸೋಮನಿಂಗಪ್ಪ ಕಾಳಿನ ವ್ಯಾಪಾರಿ ಶ್ರೀಶೈಲಪ್ಪ ಸಾವಕಾರರ ಮಗ. ಮುಂಬೈಯ ದೊಡ್ಡ ಚಿತ್ರಕಲೆಯ ಶಾಲೆಯಲ್ಲಿ ಕಲಿತು ಬಂದವನು. ಅವನು ಬಂದ ದಿನ ಊರ ಜನ ಒಬ್ಬೊಬ್ಬರಾಗಿ ಬಂದು, "ನಂದೊಂದು ಚಿತ್ರ ತೆಗೀರಿ, ನಮ್ಮ ಎತ್ತಿಂದೊಂದು ತೆಗೀರಿ" ಎಂದು ಕೇಳಿದ್ದರು. ಅವನು ತೆಗೆದೂ ಕೊಟ್ಟ. ಎತ್ತು ಥೇಟ್ ಎತ್ತಿನ ಹಾಗೇ ಇತ್ತು.

ಆಮೇಲೆ ಅವನು ಚೀಲ ಇಡುವ ಖಾಲಿ ಕೋಣೆ ಸೇರಿಕೊಂಡ. ಚಹಾ ಪೆಟ್ಟಿಗೆಯ ಹಲಗೆಗಳನ್ನು ಜೋಡಿಸಿ, ಬಾಗಿಲಿನಷ್ಟು ದೊಡ್ಡ ಹಲಗೆ ಮಾಡಿದ. ಅದರ ಮೇಲೆ ಹರಕು ಚೀಲ, ಎಣ್ಣೆ ಡಬ್ಬಿಯ ತುಕ್ಕು ತಗಡು, ಜೋಳದ ದಂಟು ಎಲ್ಲ ಅಂಟಿಸಿದ. ಕೆಮ್ಮಣ್ಣು ಬಳಿದ, ಸುಣ್ಣ ಬಳಿದ. ಅದರಲ್ಲಿ ಎತ್ತೂ ಇರಲಿಲ್ಲ, ಮನುಷ್ಯರೂ ಇರಲಿಲ್ಲ.

"ಮುಂಬೈಗೆ ಕಳಿಸಿದ್ದು ತಿಪ್ಪಿ ಆರಿಸೂದು ಕಲೀಲಿ ಅಂತೇನು?" ಎಂದು ಶ್ರೀಶೈಲಪ್ಪನವರು ಕಟ್ಟೆಯ ಮೇಲೆ ಕುಳಿತು ದಿನಾ ಗೊಣಗುತ್ತಿದ್ದರು.

ಆದರೆ ಬೀರವ್ವನಿಗೆ ಆ ಕೋಣೆಯೆಂದರೆ ಭಾರೀ ಇಷ್ಟ. ಶಾಲೆ ಬಿಟ್ಟ ಮೇಲೆ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಮೂರು ದಿನದ ಹಿಂದೆ ಸೋಮನಿಂಗ ಹಲಗೆ ನೋಡುತ್ತ, "ಇಲ್ಲೊಂದು ಕರೀದು ಬೇಕು. ಬಣ್ಣದ ಕರಿ ಅಲ್ಲ, ಕೈಗೆ ಹತ್ತುವಂಥ ಕರಿ" ಎಂದು ತನ್ನಷ್ಟಕ್ಕೆ ಮಾತಾಡಿಕೊಂಡಿದ್ದ. ಬೀರವ್ವ ಮನೆಗೆ ಓಡಿದವಳೇ ಗೂಟದ ಗಂಟಿನಿಂದ ಆ ತುಂಡು ತಂದುಬಿಟ್ಟಿದ್ದಳು. ಹಳೆಯ ಹರಕು, ಯಾರಿಗೆ ಬೇಕು ಎಂದುಕೊಂಡಿದ್ದಳು.

ಶಾಲೆ ಬಿಟ್ಟ ಕೂಡಲೇ ಅವಳು ಆ ಕೋಣೆಗೆ ಓಡಿದಳು.

ಸೋಮನಿಂಗ ತಲೆಯ ಮೇಲೆ ಕೈಹೊತ್ತು ಕುಳಿತಿದ್ದ. ಹಲಗೆಯ ಕೆಳಗೆ ದಂಟು, ಚೀಲದ ಚೂರುಗಳು ಉದುರಿ ಬಿದ್ದಿದ್ದವು.

"ಬಾ ಬೀರವ್ವಾ. ನೋಡು, ಬಿಸಲಿಗೆ ಅಂಟು ಒಣಗಿ ಎಲ್ಲಾ ಕಳಚಾಕತ್ತೈತಿ. ಸೋಮವಾರ ಬಸ್ಸಿಗೆ ಹಾಕಬೇಕು. ಮುಂಬೈಯಾಗ ಪ್ರದರ್ಶನ ಐತಿ. ಹಿಂಗಾದ್ರ ದಾರ್ಯಾಗ ಮಿರಜ ಮುಟ್ಟೂದ್ರಾಗ ಬರೀ ಹಲಗಿ ಉಳೀತದ." ಆಮೇಲೆ ಅವಳ ಮುಖ ನೋಡಿ ಸಣ್ಣಗೆ ನಕ್ಕ. "ಆದ್ರ ನಿನ್ನ ಕಂಬಳಿ ಬಂದ ಮ್ಯಾಲ ಈ ಚಿತ್ರಕ್ಕ ಜೀವ ಬಂತು, ಖರೇ."

ಬೀರವ್ವ ಹಲಗೆಯ ಮೇಲಿನ ಕಂಬಳಿ ತುಂಡು ನೋಡಿದಳು. ಈಗ ಹೇಗೆ ಕೇಳುವುದು?

"ಕಾಕಾ... ಅದು ನಂದಲ್ರಿ."

"ಅಂದ್ರ?"

"ನಮ್ಮ ಆಯಿದು. ಕೇಳದ ತಂದೀನಿ. ಅಕಿ ಮುಂಜಾನಿಂದ ಹುಡುಕಾಕತ್ತ್ಯಾಳ್ರಿ. ನಾ ಸುಳ್ಳು ಹೇಳೀನಿ."

ಸೋಮನಿಂಗ ಎದ್ದು ಕಂಬಳಿಯ ತುದಿ ಹಿಡಿದು ಮೆಲ್ಲಗೆ ಎಳೆದ. ಅದು ಸುಲಭವಾಗಿ ಬಿಟ್ಟುಬಂತು. ಹಲಗೆಯ ಮೇಲೆ ಬಿಳಿಯ ಕಲೆ ಉಳಿಯಿತು.

"ನಡಿ. ನಾನೂ ಬರ್ತೀನಿ," ಅಂದ.

ಆಯಿ ಅಂಗಳದಲ್ಲಿ ಕುಳಿತು ನೂಲುತ್ತಿದ್ದಳು. ಸೋಮನಿಂಗ ಎರಡೂ ಕೈಯಿಂದ ಆ ತುಂಡು ಚಾಚಿದ.

"ಆಯಿ, ಇದರಾಗ ಹುಡುಗಿ ತಪ್ಪಿಲ್ಲರಿ. ಯಾರದು ಅಂತ ನಾ ಕೇಳಬೇಕಾಗಿತ್ತು. ಕೇಳಲಿಲ್ಲ."

"ತಪ್ಪು ನಂದ," ಎಂದಳು ಬೀರವ್ವ ನೆಲ ನೋಡುತ್ತ. "ಇಲಿ ಒಯ್ದಿಲ್ಲ, ನಾನ ಒಯ್ದೀನಿ."

ಆಯಿ ತುಂಡನ್ನು ತೊಡೆಯ ಮೇಲೆ ಹರವಿ, ಬೆರಳಿನಿಂದ ಸವರಿದಳು. ತಿರುವಿ ಹಾಕಿದಳು. ಹಿಂಬದಿಯಲ್ಲಿ ಬೆಳ್ಳಗೆ ಏನೋ ಒಣಗಿ ಅಂಟಿತ್ತು. ಉಗುರಿನಿಂದ ಕೆರೆದು ಮೂಸಿದಳು.

"ಇದೇನಿದು?"

"ಗೋದಿ ಹಿಟ್ಟಿನ ಅಂಟರಿ."

ಅಷ್ಟು ಹೊತ್ತು ಬರದ ಸಿಟ್ಟು ಆಯಿಗೆ ಆಗ ಬಂತು. "ಕಂಬಳಿಗೆ ಗೋದಿ ಹಿಟ್ಟು ಹಚ್ತಾರೇನು ಯಾರರೇ? ಇರಿವಿಗೆ ಊಟಾ ಹಾಕಿದಂಗ! ಇದನ್ನ ಕಲೀಲಾಕ ಮುಂಬೈಗೆ ಹೋಗಿದ್ದಿರೇನ್ರಿ, ಸಾವಕಾರ?"

ಸೋಮನಿಂಗ ತಲೆ ಕೆರೆದುಕೊಂಡ. "ಮತ್ತ ಏನು ಹಚ್ಚಬೇಕ್ರಿ?"

ಆಯಿ ಕಂಬಳಿ ತುಂಡು ಹಿಡಿದುಕೊಂಡು ಒಳಗೆ ಹೋದಳು. ಸೋಮನಿಂಗ ಕೈಮುಗಿದು ಹೊರಟುಹೋದ.

ಸಂಜೆ ಆಯಿ ಬೀರವ್ವನನ್ನು ಬಯ್ಯಲಿಲ್ಲ. ಬೈದಿದ್ದರೇ ಚಲೋ ಇತ್ತು ಅನಿಸಿತು ಬೀರವ್ವನಿಗೆ. ಊಟದ ಹೊತ್ತಿಗೆ ಆಯಿ ಒಮ್ಮೆಲೇ ಕೇಳಿದಳು: "ಆ ಹಲಗಿ ಮ್ಯಾಲ ಏನೈತಿ?"

"ಏನೂ ಇಲ್ಲ, ಆಯಿ. ಚೀಲ, ತಗಡು, ಮಣ್ಣು."

"ಏನೂ ಇಲ್ಲದ್ದನ್ನ ದಿನಾ ಹೋಗಿ ನೋಡ್ತೀ?"

ಬೀರವ್ವ ಯೋಚಿಸಿದಳು. "ನೋಡಿದ್ರ ಮಧ್ಯಾಹ್ನ ಬರಿಗಾಲಿಲೆ ನಡದಂಗ ಆಗ್ತದ."

ಆಯಿ ಊಟವಾದ ಮೇಲೆ ಒಂದು ಬೊಗಸೆ ಹುಣಸೇ ಬೀಜ ಹುರಿದು, ಸಿಪ್ಪೆ ತೆಗೆದು ನೆನೆಹಾಕಿದಳು. ಬೆಳಗ್ಗೆ ಎದ್ದು ನುಣ್ಣಗೆ ರುಬ್ಬಿ ಒಲೆಯ ಮೇಲಿಟ್ಟು ಕುದಿಸಿದಳು. ಕಂಬಳಿ ನೇಯುವಾಗ ನೂಲಿಗೆ ಹಾಕುವ ಗಂಜಿ ಅದು. ಆ ವಾಸನೆ ಬೀರವ್ವನಿಗೆ ಹುಟ್ಟಿದಾಗಿನಿಂದ ಗೊತ್ತು. ಈ ಸಲ ಮಾತ್ರ ಆಯಿ ಅದನ್ನು ಚಮಚ ನಿಲ್ಲುವಷ್ಟು ಗಟ್ಟಿ ಮಾಡಿದಳು.

"ಗಡಗಿ ಹಿಡಿ. ನಡಿ," ಅಂದಳು. ಅಂದು ರವಿವಾರ, ಶಾಲೆ ಇರಲಿಲ್ಲ.

ಹಣಮವ್ವ ಬಂದದ್ದು ನೋಡಿ ಶ್ರೀಶೈಲಪ್ಪನವರು ಗೊಣಗುವುದನ್ನೂ ಮರೆತರು. ಸೋಮನಿಂಗ ಓಡಿಬಂದು, "ಬರ್ರಿ ಆಯಿ, ಕುಂದ್ರಿ" ಎಂದು ಚೀಲ ಹಾಸಿದ.

ಆಯಿ ಕೂರಲಿಲ್ಲ. ಹಲಗೆಯ ಮುಂದೆ ಬಹಳ ಹೊತ್ತು ನಿಂತಳು. "ಇದು ಏನು, ತಮ್ಮಾ?"

"ಹೆಸರಿಲ್ಲರಿ. ಮುಂಬೈಯಾಗ ನಮ್ಮೂರು ನೆನಪಾದ್ರ ಗಿಡಾ, ಮನಿ ಕಣ್ಣಮುಂದ ಬರ್ತಿರಲಿಲ್ಲ. ಬಿಸಲು ಬರ್ತಿತ್ತು. ಒಣ ನೆಲದ ವಾಸನಿ ಬರ್ತಿತ್ತು. ಅದನ್ನ ಪೆನ್ಸಿಲ್ಲಿಲೆ ತೆಗೀಲಾಕ ಬರಲಿಲ್ಲ. ಅದಕ್ಕ ಊರಿಗೆ ಬಂದು, ಇಲ್ಲಿದ್ದದ್ದನ್ನ ಎತ್ತಿ ಹಚ್ಚಾಕತ್ತೀನಿ."

ಆಯಿ ಹೂಂ ಅಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಮದಲ ಹಳೇ ಹಿಟ್ಟು ಕೆರೀರಿ ಇಬ್ಬರೂ. ಚೂರೂ ಉಳೀಬಾರದು."

ದಿನವೆಲ್ಲ ಮೂವರೂ ಕೆಲಸ ಮಾಡಿದರು. ಬೀರವ್ವ ಒಂದೊಂದೇ ಚೂರು ಎತ್ತಿಕೊಡುತ್ತಿದ್ದಳು. ಸೋಮನಿಂಗ ಜಾಗ ತೋರಿಸುತ್ತಿದ್ದ. ಆಯಿ ಅಂಟು ಸವರಿ, ಅಂಗೈಯಿಂದ ಒತ್ತಿ, ಒಂದರಿಂದ ನೂರು ಎಣಿಸಲು ಬೀರವ್ವನಿಗೆ ಹೇಳುತ್ತಿದ್ದಳು. ಹೊತ್ತು ಇಳಿಯುವಷ್ಟರಲ್ಲಿ ಎಲ್ಲ ಗಟ್ಟಿಯಾಗಿ ಕೂತಿತು. ಸೋಮನಿಂಗ ಹಲಗೆಯನ್ನು ಅಲ್ಲಾಡಿಸಿ ನೋಡಿದ. ಒಂದು ದಂಟೂ ಬೀಳಲಿಲ್ಲ.

ನಡುವೆ, ಕಂಬಳಿ ಇದ್ದಲ್ಲಿ, ಕೆರೆದರೂ ಹೋಗದ ಬಿಳಿಯ ಕಲೆಯ ಜಾಗ ಮಾತ್ರ ಖಾಲಿ ಇತ್ತು. 

ಆಯಿ ಸೊಂಟದ ಸಂಚಿಯಿಂದ ಏನೋ ತೆಗೆದಳು. ಕಂಬಳಿಯ ತುಂಡು! ಆದರೆ ಅದು ಅರ್ಧವೇ ಇತ್ತು. ಅಂಚು ಹೊಸದಾಗಿ ಕತ್ತರಿಸಿದ್ದು ಕಾಣುತ್ತಿತ್ತು.

"ಅರ್ಧ ನನಗಿರಲಿ," ಎಂದಳು. "ಇದು ನಿನಗ. ನಾನ ಕೊಡಾಕತ್ತೀನಿ."

ಸೋಮನಿಂಗ ಎರಡೂ ಕೈಯೊಡ್ಡಿ ತೆಗೆದುಕೊಂಡ. ಅವನ ಕಣ್ಣು ತುಂಬಿತ್ತು. ಅದನ್ನು ನಡುವಿನ ಖಾಲಿ ಜಾಗಕ್ಕೆ ಹಿಡಿದ.

"ಅಲ್ಲಲ್ಲ," ಆಯಿ ತಡೆದಳು. "ಇನ್ನೂ ಮ್ಯಾಲ. ಇದನ್ನ ಹೊದೀತಿದ್ದಾಂವ ಬೀರೀ ಮುತ್ಯಾ. ಅಂವ ಕುರಿ ನಡುವ ನಿಂತಾಂವ ಅಲ್ಲ. ಯಾವಾಗ್ಲೂ ದಿಬ್ಬದ ಮ್ಯಾಲ ನಿಂದರ್ತಿದ್ದ. ಅಲ್ಲಿಂದ ಎಲ್ಲಾ ಕಾಣ್ತದ ಅಂತಿದ್ದ."

ಸೋಮನಿಂಗ ತುಂಡನ್ನು ಮೇಲಕ್ಕೆ, ಬಲಗಡೆಯ ಮೂಲೆಗೆ ಒಯ್ದ. ಆಯಿ ಗೋಣು ಹಾಕಿದಳು. ಅವನು ಅಂಟಿಸಿ ಹಿಂದೆ ಸರಿದು ನೋಡಿದ. ಬಹಳ ಹೊತ್ತು ನೋಡಿದ. ನಡುವಿನ ಬಿಳಿಯ ಕಲೆಯನ್ನು ಹಾಗೇ ಬಿಟ್ಟ.

"ಇದು ನನಗ ಹೊಳೀತಿರಲಿಲ್ಲರಿ ಆಯಿ," ಎನ್ನುತ್ತ ಬಗ್ಗಿ ಅವಳ ಕಾಲು ಮುಟ್ಟಿದ. "ನಿಮ್ಮ ಉಪಕಾರ ಹೆಂಗ ತೀರಸಲಿ?"

"ಏಳೋ ತಮ್ಮಾ, ಗಂಜಿ ಕಾಸೂದಕ್ಕೇನ ಉಪಕಾರ? ಅಂವ ಸತ್ತು ಹನ್ನೊಂದು ವರ್ಷ ಆತು. ಅವನ್ನ ಯಾರೂ ನೆನಸಿರಲಿಲ್ಲ. ಇವತ್ತ ಅಂವ ನಿಂದರಾಕ ನೀ ಜಾಗಾ ಮಾಡಿ ಕೊಟ್ಟಿ." ಆಯಿ ಅಂಟಾದ ಕೈಯನ್ನು ಸೆರಗಿಗೆ ಒರೆಸಿಕೊಂಡಳು.

ಮನೆಗೆ ಹೋಗುವಾಗ ಬೀರವ್ವ ಖಾಲಿ ಗಡಿಗೆ ಹಿಡಿದು ಆಯಿಯ ಪಕ್ಕದಲ್ಲಿ ನಡೆದಳು. ಆಯಿಯ ಗಂಡ ಮುತ್ಯಾನನ್ನು ಅವಳು ನೋಡಿಯೇ ಇರಲಿಲ್ಲ. ಅವಳು ಹುಟ್ಟುವ ಮುಂಚೆಯೇ ಅವನು ತೀರಿಹೋಗಿದ್ದ. ಅವನ ಬಗ್ಗೆ ಇಷ್ಟು ದಿನ ಏನನ್ನೂ ಕೇಳಿರಲಿಲ್ಲ ಎಂಬುದು ಅವಳಿಗೆ ಈಗ ಹೊಳೆಯಿತು.

"ಆಯಿ, ಮುತ್ಯಾ ಎಷ್ಟು ಎತ್ತರ ಇದ್ದ?"

ಆಯಿ ದಾರಿಯಲ್ಲೇ ನಿಂತಳು. ಸುತ್ತ ನೋಡಿದಳು. ಆಮೇಲೆ ಬಲಗೈಯನ್ನು ತಲೆಯ ಮೇಲಕ್ಕೆ ಎತ್ತಿದಳು. ಅದೂ ಸಾಲದೆಂದು ತುದಿಗಾಲ ಮೇಲೆ ನಿಂತು, ಅಂಗೈ ಅಡ್ಡ ಹಿಡಿದಳು.

"ಇಷ್ಟು," ಅಂದಳು.

ಬೀರವ್ವ ಕತ್ತೆತ್ತಿ ಆ ಅಂಗೈಯನ್ನು ನೋಡಿದಳು. ಆಮೇಲೆ ಅದರ ಕೆಳಗಿನ ಖಾಲಿ ಜಾಗವನ್ನು ನೋಡುತ್ತ, ಮುತ್ಯಾನಿಗೆ ಜಾಗ ಬಿಡುವಂತೆ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ನಿಂತಳು.