ನಾಲ್ಕು ಅಂಕ ಕೊಟ್ಟವಳು

ನಾನು ಫೇಲ್ ಮಾಡಿದ ಗಂಡಸು ನನ್ನ ಅಂಗಡಿಗೇ ಬಂದು, ನನ್ನ ಸ್ಟೂಲಿನ ಮೇಲೇ ಕೂತು, ನನ್ನನ್ನೇ ಬೈಯತೊಡಗಿದ. ಬೈಸಿಕೊಳ್ಳುತ್ತಿರುವವಳು ನಾನೇ ಎಂದು ಪಾಪ, ಅವನಿಗೆ ಗೊತ್ತಿರಲಿಲ್ಲ.

"ಯಾವನೋ ಮಹಾಪಂಡಿತ ಹತ್ತಕ್ಕೆ ನಾಲ್ಕು ಕೊಟ್ಟಿದಾನೆ, ಟೈಲರಮ್ಮ! ಇನ್ನಿಬ್ಬರು ಎಂಟೆಂಟು ಕೊಟ್ಟಿದಾರೆ. ಇವನೊಬ್ಬನಿಗೆ ಏನು ಹೊಟ್ಟೆಯುರಿ?"

ಅವನು ಬಡಗಿ. ಬಾಗಿಲು ಕೂದಲೆಳೆಯಷ್ಟು ವಾರೆಯಾದರೂ ಬಿಚ್ಚಿ ಮತ್ತೆ ಕೂರಿಸುವ ಆಸಾಮಿ. ಬೀದಿಯವರೆಲ್ಲ ಮಿಲಿಮೀಟರ್ ಎಂದೇ ಕರೆಯುತ್ತಾರೆ. ಅವನ ಅಂಗಡಿಯ ಎದುರಿಗೇ ನನ್ನ ಟೈಲರಿಂಗ್ ಅಂಗಡಿ. ಮೂರು ತಿಂಗಳಿಂದ ಅವನ ಅಂಗಿಯ ಗುಂಡಿಗಳು ವಾರಕ್ಕೊಂದರಂತೆ ಕಿತ್ತುಬರುತ್ತಿದ್ದವು. ಕತ್ತರಿ ಆಡಿಸಿದ ದಾರ ಯಾವುದು, ಸವೆದ ದಾರ ಯಾವುದು ಎಂದು ನನಗೆ ಗೊತ್ತಾಗುವುದಿಲ್ಲವೇ? ಗೊತ್ತಿಲ್ಲದವಳಂತೆ ಹೊಲಿದು ಕೊಡುತ್ತಿದ್ದೆ. ಎರಡೇ ಸುತ್ತು ದಾರ, ಬೇಗ ಕಿತ್ತುಬರಲಿ ಎಂದು.

ಫೋನಿನಲ್ಲಿ ಏನು ಬೇಕಾದರೂ ಪುಕ್ಕಟೆ ಕಲಿಸುವ ತಾಣವೊಂದಿದೆ. ಜೇನುಹುಳು, ನಕ್ಷತ್ರ, ಕರಾರು ಕಾನೂನು, ಎಲ್ಲವನ್ನೂ ಬಟ್ಟೆ ಕತ್ತರಿಸುತ್ತಲೇ ಕಲಿತಿದ್ದೇನೆ. "ಪುಕ್ಕಟೆ ಸಿಕ್ಕರೆ ನನಗೊಂದು ನಮ್ಮಪ್ಪನಿಗೊಂದು" ಎಂದು ಅಂಗಡಿಯಲ್ಲಿ ನನ್ನ ಜೊತೆ ಹೊಲಿಯುವ ಅಕ್ಕ ಅಣಕಿಸುತ್ತಾಳೆ. ಈಗ ಮನೆ ವಿನ್ಯಾಸದ ಕೋರ್ಸ್ ನಡೆದಿತ್ತು. ಇರುವವರ ಅನುಕೂಲಕ್ಕೆ ತಕ್ಕಂತೆ ಮನೆಯ ನಕ್ಷೆ ಬದಲಿಸುವುದು ಹೋಂವರ್ಕ್. ಅಷ್ಟು ಜನರ ಹೋಂವರ್ಕನ್ನು ಒಬ್ಬ ಮೇಷ್ಟ್ರು ನೋಡುವುದು ಆಗದ ಮಾತು. ಕಲಿಯುವವರೇ ಒಬ್ಬರದನ್ನೊಬ್ಬರು ತಿದ್ದಬೇಕು, ಯಾರ ಹೆಸರೂ ಯಾರಿಗೂ ಕಾಣುವುದಿಲ್ಲ. ಒಂದೊಂದು ಹೋಂವರ್ಕಿಗೂ ಮೂವರು. ಅವರಲ್ಲಿ ಒಬ್ಬರು ಐದಕ್ಕಿಂತ ಕಡಿಮೆ ಕೊಟ್ಟರೂ ಹೊಸದಾಗಿ ಮಾಡಿ ಕಳಿಸಬೇಕು. ಈ ಸಲ ಶನಿವಾರವೇ ಕೊನೆ.

ಅವನು ಫೋನನ್ನು ನನ್ನ ಮೂಗಿಗೆ ಹಿಡಿದ. ಮಂಡಿನೋವಿನ ಅಮ್ಮ ಮಹಡಿ ಹತ್ತಲು ಸುಲಭವಾಗಲೆಂದು ಬರೆದ ಮೆಟ್ಟಿಲಿನ ನಕ್ಷೆ. ಕೆಳಗೆ ನನ್ನದೇ ಷರಾ: 'ಅಳತೆ ಚೊಕ್ಕ. ಆದರೆ ಹತ್ತುವವರನ್ನು ಒಂದು ಮಾತು ಕೇಳಿದ್ದೀರಾ?'

ನಾನು ತಿದ್ದಿದ್ದು ಇವನ ನಕ್ಷೆಯನ್ನೆಂದು ಗೊತ್ತಾದದ್ದೇ ಆಗ.

"ತಿದ್ದಿ ಕಳಿಸ್ತೀರಲ್ಲ?"

"ಕಳಿಸಲ್ಲ. ನಮ್ಮಮ್ಮನ ಕಷ್ಟ ನನಗಿಂತ ಅವನಿಗೆ ಗೊತ್ತಾ? ಕೆಲಸ ಹೋದ್ರೆ ಹೋಗ್ಲಿ ಬಿಡಿ."

ಅದೇನು ಬಿಡುವಂಥ ಕೆಲಸವಲ್ಲ. ತರಬೇತಿ ಕೇಂದ್ರದಲ್ಲಿ ಮರಗೆಲಸ ಕಲಿಸುವ ಹುದ್ದೆ. ಈ ಕೋರ್ಸಿನ ಸರ್ಟಿಫಿಕೇಟ್ ಇದ್ದರೆ ಮಾತ್ರ ಇಂಟರ್‌ವ್ಯೂ. ಅದಕ್ಕೆಂದೇ ನಾನು ಹೊಲಿಯುತ್ತಿದ್ದ ಕೋಟು ಆಗ ಅವನ ಮೈಮೇಲಿತ್ತು. ಒಂದೇ ತೋಳು, ಸುತ್ತಲೂ ಗುಂಡುಪಿನ್ನು. ಆ ಷರಾ ನನ್ನದೆಂದರೆ ಇವನು ಇನ್ನು ಈ ಕಡೆ ತಲೆ ಹಾಕದಿರಬಹುದು. ಸುಮ್ಮನಿದ್ದರೆ ಹಟಕ್ಕೆ ಬಿದ್ದು ಕೆಲಸವನ್ನೇ ಕಳೆದುಕೊಳ್ಳುತ್ತಾನೆ. ಗೊತ್ತಿರುವವರ ಮಾತಾದರೆ ಒಂದಿಷ್ಟು ಯೋಚಿಸಿಯಾನು.

"ಆ ಪುಣ್ಯಾತ್ಮನ ಮುಖ ಒಂದ್ಸಲ ನೋಡ್ಬೇಕು ನಾನು!" ಎಂದ.

"ನೋಡಿ." ಬಾಯಲ್ಲಿದ್ದ ಪಿನ್ನು ತೆಗೆದೆ. "ಇದೇ ಮುಖ. ಕೊಟ್ಟವಳು ನಾನು. ಇನ್ನೊಂದ್ಸಲ ಕೊಡು ಅಂದ್ರೂ ನಾಲ್ಕೇ ಕೊಡ್ತೀನಿ."

ತಮಾಷೆ ಎಂದುಕೊಂಡು ನಕ್ಕ. ನನ್ನ ಕಣ್ಣನ್ನೇ ಸ್ವಲ್ಪ ಹೊತ್ತು ನೋಡಿದ. ನಗು ಮೆಲ್ಲಗೆ ಆರಿತು, ಕಿವಿ ಕೆಂಪಾಯಿತು. ಎದ್ದು ಆ ಒಂಟಿ ತೋಳಿನ ಕೋಟಿನಲ್ಲೇ ಹೊರಟುಹೋದ. ರಸ್ತೆಯ ನಡುವೆ "ಅಯ್ಯಪ್ಪಾ!" ಎಂದದ್ದು ಕೇಳಿಸಿತು. ಪಿನ್ನು ಚುಚ್ಚಿರಬೇಕು.

"ಬಾಯಿ ಮುಚ್ಕೊಂಡಿರೋದು ಹೇಗೆ ಅನ್ನೋ ಕೋರ್ಸ್ ಇಲ್ವೇನೇ ಅದ್ರಲ್ಲಿ?" ಎಂದಳು ಅಕ್ಕ.

"ಇದ್ರೂ ನಾನು ಸೇರಲ್ಲ."

ಜಂಬದಿಂದ ಹೇಳಿದ್ದೇನೋ ನಿಜ. ಆದರೆ ಎರಡು ದಿನ ಆ ಕಡೆ ನೋಡಬಾರದು ಎಂದುಕೊಳ್ಳುತ್ತಲೇ ನೋಡಿ ನೋಡಿ ಕುತ್ತಿಗೆ ನೋವು ಬಂತು. ಅವನು ನನಗೆ ಬೇಕಾಗಿದ್ದ. ಸುಳ್ಳು ಹೇಳಿ ಉಳಿಸಿಕೊಳ್ಳುವುದು ಬೇಡವಾಗಿತ್ತು, ಅಷ್ಟೇ.

ಶುಕ್ರವಾರ ಮಧ್ಯಾಹ್ನ ಬಾಗಿಲಲ್ಲಿ ಬಂದು ನಿಂತ. "ಅಮ್ಮ ನಿಮ್ಮನ್ನ ನೋಡ್ಬೇಕಂತೆ."

ಅವರ ಮನೆಯ ಹಾಲಿನಲ್ಲಿ, ಬೀದಿ ಕಿಟಕಿಯ ಪಕ್ಕ ಅಮ್ಮ ಕಾಲು ಚಾಚಿ ಕೂತಿದ್ದರು. ನನ್ನನ್ನು ಮೇಲಿನಿಂದ ಕೆಳಗಿನವರೆಗೆ ಅಳೆದರು.

"ಇವನಿಗೆ ನಾಲ್ಕು ಕೊಟ್ಟವಳು ನೀನೇನಾ?"

"ಹೌದಮ್ಮ."

"ಧಾರಾಳಿ ಕಣೇ ನೀನು. ನಾನಾಗಿದ್ರೆ ಎರಡು ಕೊಡ್ತಿದ್ದೆ." ಮಗನ ಕಡೆ ಕೈ ಮಾಡಿದರು. "ನನಗೆ ಮಹಡಿ ಯಾಕಪ್ಪ ಬೇಕು? ಇಲ್ಲೊಂದು ಮಂಚ ಹಾಕಿದ್ರೆ ಹೋಗೋರು ಬರೋರನ್ನ ಮಾತಾಡಿಸ್ಕೊಂಡು ಹಾಯಾಗಿರ್ತೀನಿ. ಕೇಳಿದ್ರೆ ತಾನೆ ಹೇಳೋದು!"

"ಇವತ್ತು ಬೆಳಿಗ್ಗೆ ಕೇಳ್ದೆ," ಎಂದ ಅವನು, ನೆಲ ನೋಡುತ್ತ. "ಕೋಪ ಇಳಿಯೋಕೆ ಒಂದು ದಿನ ಹಿಡೀತು. ನಾಚಿಕೆ ಇಳಿಯೋಕೆ ಇನ್ನೊಂದು ದಿನ."

ಒಳಗಿನ ಮೇಜಿನ ಮೇಲೆ ಹೊಸ ನಕ್ಷೆ ಹರಡಿತ್ತು. ಕಿಟಕಿ ಪಕ್ಕ ಮಂಚ, ಕೈಗೆಟುಕುವ ಹಿಡಿಕೆ, ನಾಲ್ಕೇ ಹೆಜ್ಜೆಗೆ ಬಚ್ಚಲು. ನೋಡುತ್ತಿದ್ದಂತೆ ಹೆಮ್ಮೆಯಾಯಿತು. ಮಹಡಿಯ ಕೋಣೆ ಮಾತ್ರ ಖಾಲಿ.

"ಮೇಲ್ಗಡೆ ಏನೂ ಬರೆದಿಲ್ವಲ್ಲ? ಹೀಗೇ ಕಳಿಸಿದ್ರೆ ಮತ್ತೆ ಫೇಲ್."

ಅವನು ನನ್ನ ಪಕ್ಕ ಬಂದು ನಿಂತ. ಅವನ ತೋಳಿಗೆ ಹತ್ತಿದ ಮರದ ಪುಡಿಯ ವಾಸನೆ ಮೂಗಿಗೆ ಬಡಿಯುವಷ್ಟು ಹತ್ತಿರ.

"ಅಲ್ಲಿ ಇರಬೇಕಾದವರನ್ನ ಇನ್ನೂ ಕೇಳಿಲ್ಲ." ಈ ಸಲ ನೆಲ ನೋಡಲಿಲ್ಲ, ನನ್ನನ್ನೇ ನೋಡಿದ. "ಈಗ ಕೇಳ್ತಾ ಇದೀನಿ. ಹೊಲಿಗೆ ಮೆಷಿನ್ ಎಲ್ಲಿಡೋಣ?"

ಪೆನ್ಸಿಲ್ ಎತ್ತಿ ಅವನ ಕೈಗೆ ಕೊಟ್ಟೆ.

"ಪೂರ್ವದ ಕಿಟಕಿ ಹತ್ರ. ಪಕ್ಕದಲ್ಲಿ ಒಂದು ಕುರ್ಚಿನೂ ಬರೀರಿ. ಸಂಜೆ ನೀವು ಬಂದು ಕೂರಬೇಕಲ್ಲ."

ಎರಡನ್ನೂ ಬರೆದ. ಕೋಣೆಯ ಮೇಲೆ 'ನಮ್ಮಿಬ್ಬರದು' ಎಂದು ಬರೆದು, ಫೋಟೋ ತೆಗೆದು, ನಾನು ನೋಡುತ್ತಿದ್ದಂತೆಯೇ ಕಳಿಸಿಬಿಟ್ಟ.

ಅದನ್ನು ತಿದ್ದುವ ಮೂವರು ಯಾವ ಊರಿನವರೋ, ಯಾರೋ. ಹಾಲಿನಲ್ಲಿ ಕೂತಿದ್ದ ಅಮ್ಮನಿಗೂ ಅಂಗಡಿಯಲ್ಲಿದ್ದ ಅಕ್ಕನಿಗೂ ಗೊತ್ತಾಗುವ ಮೊದಲೇ ನಮ್ಮ ಮದುವೆಯ ಸುದ್ದಿ ಅವರಿಗೆ ಹೊರಟುಹೋಗಿತ್ತು.