ಬಿಳಿ ಕೀ, ಕಪ್ಪು ಕೀ, ನಡುವೆ ನೆವೆನಾ

“ಎರಡನೆಯ ಸ್ವರದವರೇ, ನೀವು ಸ್ವಲ್ಪ ಕೆಳಗೆ ಹಾಡ್ತಿದ್ದೀರಿ. ಶ್ರುತಿ ಸೇರ್ತಿಲ್ಲ.”

ಟೇಪ್ ರೆಕಾರ್ಡರ್ ನಿಲ್ಲಿಸಿ ವೆಸೆಲಿನ್ ಹೀಗೆಂದಾಗ, ಜೊತೆಗೆ ಹಾಡುತ್ತಿದ್ದ ಸ್ತೊಯ್ನಾ ಅಜ್ಜಿ ನಗು ತಡೆಯಲಾರದೆ ತಲೆವಸ್ತ್ರದ ತುದಿಯನ್ನು ಬಾಯಿಗೆ ಒತ್ತಿಕೊಂಡಳು. ಮೊಮ್ಮಗಳು ನೆವೆನಾ ನಗಲಿಲ್ಲ. ರಾಜಧಾನಿ ಸೋಫಿಯಾದಿಂದ ಹಳ್ಳಿಗೆ ಬಸ್ಸು ಹತ್ತಿ ಬಂದಿದ್ದ ಈ ಜಾಝ್ ಪಿಯಾನೋ ವಾದಕನ ಉದ್ದನೆಯ ಬೆರಳುಗಳನ್ನೂ ಕೆಸರು ಮೆತ್ತಿದ ಬೂಟುಗಳನ್ನೂ ನೋಡಿದಳು.

“ನಾನು ಎಲ್ಲಿರಬೇಕೋ ಅಲ್ಲೇ ಇದೀನಿ,” ಎಂದಳು.

“ಆದರೆ ಅಜ್ಜಿಯ ಸ್ವರಕ್ಕೆ ನಿಮ್ಮದು ಉಜ್ಜುತ್ತಿದೆ.”

“ಉಜ್ಜಲೇಬೇಕು ಕಣಪ್ಪಾ!” ಅಜ್ಜಿಗೆ ಈಗ ಮಾತು ಬಂತು. “ಎರಡು ಗಂಟೆಗಳನ್ನ ಒಟ್ಟಿಗೆ ಬಾರಿಸಿದ ಹಾಗೆ ಕೇಳ್ಬೇಕು. ನಾನು ಕರೆಯೋಳು, ಇವಳು ಹಿಡಿಯೋಳು. ನಾನು ಉಸಿರು ತಗೊಂಡ್ರೂ ಇವಳು ಸ್ವರ ಬಿಡೋ ಹಾಗಿಲ್ಲ. ನಿಮ್ಮ ಸಂಗೀತದ ಕಾಲೇಜಲ್ಲಿ ಇಷ್ಟೂ ಹೇಳಿಕೊಡಲಿಲ್ವಾ?”

ಅವನ ಕಿವಿಗಳು ಕೆಂಪಾದವು. ನೆವೆನಾಗೆ ಆ ಕೆಂಪು ಕಿವಿಗಳು ಇಷ್ಟವಾದವು.

ಮುಂದಿನ ಭಾನುವಾರವೂ ಅವನು ಬಂದ. ಅದರ ಮುಂದಿನದೂ. ಊರಿನ ಹಾಡುಗಳನ್ನು ಜಾಝ್ ಜೊತೆ ಹೆಣೆಯಬೇಕೆಂಬುದು ಅವನ ಹುಚ್ಚು. ಕುಣಿತದ ಏಳು ಮಾತ್ರೆಯ ತಾಳವನ್ನು ಊಟದ ಮೇಜಿನ ಮೇಲೆ ತಟ್ಟುತ್ತಾ ಎರಡು ಸಲ ಮೊಸರಿನ ಬಟ್ಟಲು ಉರುಳಿಸಿದ.

“ಇವನು ಹಾಡು ಹುಡುಕಿಕೊಂಡು ಬರ್ತಾನೋ, ಹಾಡೋಳನ್ನೋ?” ಎಂದಳು ಅಜ್ಜಿ, ಅವನಿಗೆ ಕೇಳುವಷ್ಟೇ ಗಟ್ಟಿಯಾಗಿ.

ವಸಂತದಲ್ಲಿ ನೆವೆನಾ ಮೊದಲ ಸಲ ಅವನ ಫ್ಲಾಟಿಗೆ ಹೋದಳು. ಅವನು ಅವಳನ್ನು ಹಳೆಯ ಪಿಯಾನೋದ ಮುಂದೆ ಕೂರಿಸಿದ.

“ನಿನ್ನ ಸ್ವರ ಈ ಬಿಳಿ ಕೀಗೂ ಈ ಕಪ್ಪು ಕೀಗೂ ನಡುವೆ ಎಲ್ಲೋ ಇದೆ. ನನಗದು ಸಿಗಲೇ ಇಲ್ಲ. ಈಗ ಬಿಳೀದನ್ನ ಒತ್ತು.”

ಒತ್ತಿದಳು. ತನ್ನದೇ ಸ್ವರ! ಒಂದು ಕೂದಲೆಳೆಯಷ್ಟೂ ಆಚೀಚೆ ಇಲ್ಲ.

“ಪಿಯಾನೋ ಶ್ರುತಿ ಮಾಡೋ ಮುದುಕ ಎರಡು ಸಲ ಬೈದ. ಒಳ್ಳೆ ಪಿಯಾನೋ ಕೆಡಿಸ್ತೀಯಾ ಅಂತ,” ವೆಸೆಲಿನ್ ನಕ್ಕ. “ಬೈಕೊಳ್ಳಲಿ. ಇದು ಹೀಗೇ ಇರುತ್ತೆ, ನೆವೆನಾ. ಈ ಸ್ವರ ಬಿಟ್ಟು ನಾನು ನಿಮ್ಮ ಹಾಡು ನುಡಿಸಲ್ಲ.”

ಅವಳು ಆ ಕೀಯನ್ನು ಮತ್ತೆ ಮತ್ತೆ ಒತ್ತಿದಳು. ಯಾರೋ ತನ್ನ ಹೆಸರನ್ನು ಮೆಲ್ಲಗೆ ಹೇಳುತ್ತಿರುವಂತಿತ್ತು.

ಒಂದು ವರ್ಷ ಅವನ ಪಿಯಾನೋದ ಪಕ್ಕದಲ್ಲಿ ನಿಂತು ಹಾಡಿದಳು. ಸೋಫಿಯಾದ ಕ್ಲಬ್ಬುಗಳಲ್ಲಿ ಜನ ನಿಂತುಕೊಂಡು ಕೇಳಿದರು. ಆಮೇಲೆ ವಿಯೆನ್ನಾದ ಕಂಪನಿಯೊಂದರಿಂದ ಪತ್ರ ಬಂತು: ಒಂದು ಆಲ್ಬಮ್, ಮೂವತ್ತು ಊರುಗಳಲ್ಲಿ ಕಛೇರಿ. ಗುರುವಾರದ ರೈಲು.

ಬುಧವಾರ ಬೆಳಗ್ಗೆ ನೆವೆನಾ ಸೂಟ್‌ಕೇಸಿನೊಂದಿಗೆ, ಅಜ್ಜಿ ಬೇಯಿಸಿಕೊಟ್ಟ ಚೀಸಿನ ಬಾನಿತ್ಸಾ ಹಿಡಿದು ಬಂದಳು. ವೆಸೆಲಿನ್ ಕಾಫಿಗೆ ನೀರಿಡಲು ಹೋದ. ಅವಳು ಅಭ್ಯಾಸದಂತೆ ಆ ಬಿಳಿ ಕೀ ಒತ್ತಿದಳು.

ಅದರ ಶ್ರುತಿ ಸರಿ ಮಾಡಿಸಲಾಗಿತ್ತು, ಎಲ್ಲ ಪಿಯಾನೋಗಳಂತೆ.

ಅವನು ಬಾಗಿಲಲ್ಲೇ ನಿಂತುಬಿಟ್ಟ. “ಸ್ಯಾಕ್ಸೊಫೋನಿನವನಿಗೆ ಹೊಂದುತ್ತಿರಲಿಲ್ಲ. ಎಲ್ಲರೂ ಕೇಳೋರು, ಇದೇನು ಅಪಸ್ವರ ಅಂತ. ವಿವರಿಸಿ ವಿವರಿಸಿ ಸಾಕಾಯ್ತು.”

“ಮೊದಲ ದಿನ ನೀನೂ ಹಾಗೇ ಅಂದಿದ್ದೆ.”

“ನೆವೆನಾ...”

“ಹಾಡು?”

“ಹಾಡಿನ ಭಾಗಾನ ಸ್ಯಾಕ್ಸೊಫೋನ್ ನುಡಿಸುತ್ತೆ. ಕಂಪನಿಯವರ ತೀರ್ಮಾನ.” ಅವನು ಹತ್ತಿರ ಬಂದು ಅವಳ ತಣ್ಣನೆಯ ಕೈ ಹಿಡಿದ. “ಆದರೂ ಬಾ. ಹಾಡೋಕಲ್ಲ, ನನ್ನ ಜೊತೆ ಇರೋಕೆ. ಅಲ್ಲೇ ಮದುವೆ ಆಗೋಣ. ನಿನ್ನ ಬಿಟ್ಟು ಹೋಗೋಕಾಗಲ್ಲ ನನಗೆ.”

ಅವನು ಸುಳ್ಳು ಹೇಳುತ್ತಿಲ್ಲವೆಂದು ಅವಳಿಗೆ ಗೊತ್ತಿತ್ತು. ಸುಳ್ಳಾಗಿದ್ದರೆ ಎದ್ದು ಹೋಗುವುದು ಸುಲಭವಾಗುತ್ತಿತ್ತು. ಹಿಡಿದ ಕೈಯನ್ನು ತುಸು ಹೊತ್ತು ಹಾಗೇ ಬಿಟ್ಟಳು, ಅದರ ಬಿಸಿ ನೆನಪಿನಲ್ಲಿ ಉಳಿಯುವಷ್ಟು.

“ನಾನು ಬಂದರೆ, ವೆಸೆಲಿನ್, ಒಂದಲ್ಲ ಒಂದು ದಿನ ನನ್ನನ್ನೂ ಸರಿ ಮಾಡಿಸ್ತೀಯ.”

ಅವನ ಕಿವಿಗಳು ಕೆಂಪಾದವು. ಆ ಕೆಂಪನ್ನು ನೋಡಲಾರದೆ ಅವಳು ಪಿಯಾನೋದ ಮುಚ್ಚಳ ಇಳಿಸಿದಳು. “ಬಾನಿತ್ಸಾ ಇವತ್ತೇ ತಿನ್ನು,” ಎಂದು ಸೂಟ್‌ಕೇಸ್ ಎತ್ತಿಕೊಂಡಳು. ಬಸ್ಸಿನಲ್ಲಿ ಊರು ಬರುವವರೆಗೂ ಅಳಲಿಲ್ಲ. ಅಜ್ಜಿ ಬಾಗಿಲು ತೆರೆದು ಸೂಟ್‌ಕೇಸ್ ನೋಡಿದಾಗ ನೆವೆನಾ ಅತ್ತಳು.

ಮೂರು ಶರತ್ಕಾಲಗಳು ಕಳೆದವು. ಅಂಗಳದಲ್ಲಿ ಅಜ್ಜಿ, ಮೊಮ್ಮಗಳು ಚಳಿಗಾಲಕ್ಕೆಂದು ಕೆಂಪು ಮೆಣಸಿನಕಾಯಿ ಸುಡುತ್ತಿದ್ದರು. ಕಿಟಕಿಯಲ್ಲಿದ್ದ ರೇಡಿಯೋ ಅವನ ಹೆಸರು ಹೇಳಿತು. ಪ್ಯಾರಿಸ್ಸಿನ ಕಛೇರಿ, ಪಿಯಾನೋ ಮಾತ್ರ. ನೆವೆನಾ ಎದ್ದು ಆರಿಸಲಿಲ್ಲ.

ಅದೇ ಹಾಡು. ಪಿಯಾನೋದಲ್ಲಿ ಅಜ್ಜಿಯ ಸ್ವರ ಬಂತು. ಅದನ್ನು ಹಿಡಿಯಬೇಕಾದಲ್ಲಿ ಏನೂ ಬರಲಿಲ್ಲ. ಎರಡನೆಯ ಸಾಲಿನಲ್ಲೂ ಅದೇ ಜಾಗ ಖಾಲಿ. ಮೂರನೆಯದರಲ್ಲೂ.

“ಏನಾಯ್ತೇ ಇವನಿಗೆ? ಮರೆತನಾ?” ಅಜ್ಜಿ ಇಕ್ಕಳ ಹಿಡಿದೇ ಕೇಳಿದಳು.

“ಮರೆತಿಲ್ಲ ಅಜ್ಜಿ.” ನೆವೆನಾ ರೇಡಿಯೋ ಕಡೆ ತಿರುಗಿದಳು. “ನನ್ನ ಸ್ವರ ಇರಬೇಕಾದ ಕೀನ ಒತ್ತುತ್ತಾ ಇಲ್ಲ.”

ನಾಲ್ಕನೆಯ ಸಾಲು ಬಂದಾಗ ಅವಳಿಗೇ ತಿಳಿಯದೆ ಅವಳ ಸ್ವರ ಹೊರಟು ಆ ಖಾಲಿ ಜಾಗದಲ್ಲಿ ಕೂತಿತು. ದೂರದ ಪಿಯಾನೋಕ್ಕೆ ಅದು ಉಜ್ಜಿತು, ಗಂಟೆಯಂತೆ. ಅವನಿಗೆ ಅದು ಕೇಳಿಸುವುದಿಲ್ಲ. ಕೇಳಿಸಿದ್ದರೂ ಈಗ ಯಾವ ರೈಲೂ ಇಲ್ಲ.

ಹಾಡು ಮುಗಿಯಿತು. ಚಪ್ಪಾಳೆಯೂ ಮುಗಿದು ನಾಳೆಯ ಹವಾಮಾನ ಬಂತು. ನೆವೆನಾ ಇನ್ನೂ ಸ್ವರ ಹಿಡಿದೇ ಇದ್ದಳು. ಕಣ್ಣೀರು ಗಲ್ಲದ ಮಸಿಯಲ್ಲಿ ದಾರಿ ಮಾಡಿಕೊಂಡು ಇಳಿಯುತ್ತಿತ್ತು.

ಒಲೆಯ ಮೇಲೆ ಮೆಣಸಿನಕಾಯಿ ಸೀದುಹೋಯಿತು. ಅಜ್ಜಿ ಬೈಯಲಿಲ್ಲ.